ಅಟ್ಟದ ಮೇಲಿನ ಗುಂಡಿನ ಅಚ್ಚು: ಸೀಸ ಕಲಿಸಿದ ಐದು ಪಾಠ

ಕಳೆದ ದೀಪಾವಳಿ ರಜೆಗೆ ಊರಿಗೆ ಹೋದಾಗ ಅಟ್ಟ ಗುಡಿಸೋ ಕೆಲಸ ನನ್ನ ತಲೆಗೆ ಬಿತ್ತು. ನಮ್ಮೂರು ಸೊರಬ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ, ಶಿಕಾರಿಪುರದ ಕಡೆಗೆ ಹೋಗೋ ದಾರಿಯಲ್ಲಿದೆ. ಹಳೇ ಕೊಪ್ಪರಿಗೆ, ಮುರುಕು ನೊಗ, ಇಲಿ ತಿಂದ ಪಂಚಾಂಗಗಳ ಮಧ್ಯೆ ಇಕ್ಕಳದ ಥರದ ಒಂದು ಕಬ್ಬಿಣದ ಸಾಮಾನು ಸಿಕ್ತು. ಬಾಯಿ ಬಿಡಿಸಿ ನೋಡಿದ್ರೆ ಎರಡೂ ಕಡೆ ಅರ್ಧ ಗೋಲಿಯಷ್ಟು ಗುಳಿ. ಮೇಲೊಂದು ಸಣ್ಣ ತೂತು. ಅಡಕತ್ತರಿ ಇರಬೇಕು ಅಂದ್ಕೊಂಡು ಅಜ್ಜನ ಹತ್ರ ತಂದೆ.

ಅಜ್ಜ ನಕ್ಕರು. "ಅಡಕತ್ತರಿ ಅಲ್ಲ ಕಣೋ, ನಮ್ಮಪ್ಪನ ಕೇಪಿನ ಕೋವಿಗೆ ಗುಂಡು ಎರಕ ಹೊಯ್ಯೋ ಅಚ್ಚು ಅದು" ಅಂದ್ರು. ಆಮೇಲೆ ಅಂಗಿ ತೋಳು ಮೇಲೆ ಮಾಡಿ ಎಡ ಮುಂಗೈ ತೋರಿಸಿದ್ರು. ಅಲ್ಲಿ ಸಾಸಿವೆ ಸಿಡಿದ ಹಾಗೆ ಏಳೆಂಟು ಬಿಳಿ ಚುಕ್ಕೆಗಳು. ಚಿಕ್ಕಂದಿನಿಂದ ನೋಡಿದ್ದೆ, ಯಾವತ್ತೂ ಕೇಳಿರಲಿಲ್ಲ. "ಇದೂ ಅದರದ್ದೇ" ಅಂದ್ರು.

ಆ ಕೋವಿ ಈಗ ಇಲ್ಲ. ಮುತ್ತಜ್ಜ ಹೋದ ಮೇಲೆ ಲೈಸೆನ್ಸ್ ಮುಂದುವರಿಸದೆ ಅದನ್ನ ಸರ್ಕಾರಕ್ಕೆ ಒಪ್ಪಿಸಿಬಿಟ್ಟಿದ್ರು. ಅಚ್ಚು ಮಾತ್ರ ಅಟ್ಟದಲ್ಲಿ ಉಳಿದಿತ್ತು. ಹೈದರ್, ಟಿಪ್ಪು ಕಾಲದ ಶಿಕಾರಿಯಿಂದಲೇ ಶಿಕಾರಿಪುರಕ್ಕೆ ಆ ಹೆಸರು ಬಂತು ಅಂತ ನಮ್ಮ ಕಡೆ ಹೇಳ್ತಾರೆ. ಅಂಥ ಸೀಮೆಯಲ್ಲಿ ಹುಟ್ಟಿ ಗುಂಡು ಹೇಗೆ ಆಗುತ್ತೆ ಅಂತ ಗೊತ್ತಿಲ್ಲದಿದ್ರೆ ಹೇಗೆ? ಕ್ಯಾಲಿಪರ್ ಹಿಡಿದು ಗುಳಿ ಅಳೆದೆ. ವ್ಯಾಸ 16.4 ಮಿ.ಮೀ.

ಹಾಸ್ಟೆಲ್‌ಗೆ ವಾಪಸ್ ಬಂದು ಫೋಟೋ ತೋರಿಸಿದಾಗ ರೂಮಿನಲ್ಲಿ ಭಾರೀ ಉತ್ಸಾಹ. ಅಮೆರಿಕದಲ್ಲಿ ಜನ ಮನೆಯ ಗ್ಯಾರೇಜಿನಲ್ಲಿ ಸೀಸ ಕರಗಿಸಿ ಪಿಸ್ತೂಲಿನ ಗುಂಡು ಎರಕ ಹೊಯ್ದು, ತೋಟಾ ತುಂಬೋ ವಿಡಿಯೋಗಳನ್ನ ಒಬ್ಬ ಗೆಳೆಯ ರಾಶಿ ರಾಶಿ ನೋಡಿದ್ದ. "ನಮ್ಮ ಫೌಂಡ್ರಿ ಲ್ಯಾಬಿನಲ್ಲೇ ಮಾಡಬಹುದಲ್ವಾ? ಕೀ ಚೈನ್‌ಗೆ ಆದ್ರೂ ಆಗುತ್ತೆ" ಅಂದ. ಲ್ಯಾಬಿನ ಇನ್‌ಸ್ಟ್ರಕ್ಟರ್‌ಗೆ ಕೇಳಿದ್ವಿ. ಅವರು ಬೈಯಲಿಲ್ಲ. "ಮೊದಲು ಲೆಕ್ಕ ಮಾಡ್ಕೊಂಡು ಬನ್ನಿ, ಒಲೆ ವಿಚಾರ ಆಮೇಲೆ" ಅಂದ್ರು.

ಲೆಕ್ಕ ಮಾಡಿದ್ವಿ. ಮುಗಿಯೋ ಹೊತ್ತಿಗೆ ಒಲೆ ಕೇಳೋ ಮನಸ್ಸು ಯಾರಿಗೂ ಇರಲಿಲ್ಲ. ಯಾಕೆ ಅನ್ನೋದೇ ಈ ಲೇಖನ.

ಪಾಠ 1: ಬೋರ್ ಅಂದ್ರೆ ಏನು?

ಮಲೆನಾಡಿನವರಿಗೆ "ಹನ್ನೆರಡು ಬೋರಿನ ಕೋವಿ" ಅನ್ನೋ ಮಾತು ಹೊಸದಲ್ಲ. ಆದ್ರೆ ಆ ಹನ್ನೆರಡು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ. ಒಂದು ಪೌಂಡ್ ಸೀಸದಿಂದ ಒಂದೇ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡಿನ ವ್ಯಾಸ ಎಷ್ಟೋ ಅಷ್ಟು ಅಗಲದ ನಳಿಗೆ ಅದು.

ಲೆಕ್ಕ ಹಾಕಿ ನೋಡಿ. ಒಂದು ಪೌಂಡ್ 453.6 ಗ್ರಾಂ. ಹನ್ನೆರಡರಲ್ಲಿ ಒಂದು ಪಾಲು 37.8 ಗ್ರಾಂ. ಸೀಸದ ಸಾಂದ್ರತೆ 11.34, ಹಾಗಾಗಿ ಗಾತ್ರ 3.33 ಘನ ಸೆಂ.ಮೀ. ಗೋಳದ ಸೂತ್ರದಿಂದ ವ್ಯಾಸ 18.5 ಮಿ.ಮೀ. ಇವತ್ತಿಗೂ ಹನ್ನೆರಡು ಬೋರಿನ ಅಳತೆ ಅದೇ. ಬೋರ್ ಸಂಖ್ಯೆ ಹೆಚ್ಚಾದ ಹಾಗೆ ನಳಿಗೆ ಯಾಕೆ ಚಿಕ್ಕದಾಗುತ್ತೆ ಅನ್ನೋದೂ ಇದರಿಂದ ತಿಳಿಯುತ್ತೆ: ಪೌಂಡಿಗೆ ಹೆಚ್ಚು ಗುಂಡು ಆಗಬೇಕಾದ್ರೆ ಒಂದೊಂದೂ ಚಿಕ್ಕದಾಗಲೇಬೇಕು.

ನಮ್ಮ ಮನೆ ಅಚ್ಚಿನ 16.4 ಮಿ.ಮೀ. ಗುಂಡು 26 ಗ್ರಾಂ ತೂಗುತ್ತೆ. 16 ಬೋರಿನ ನಳಿಗೆಯ ವ್ಯಾಸ 16.8 ಮಿ.ಮೀ. ಅಂದ್ರೆ ಅಂಥ ನಳಿಗೆಯೊಳಗೆ ಈ ಗುಂಡು ಸಡಿಲವಾಗೇ ಕೂರುತ್ತೆ. ಬಾಯಿಂದ ತುಂಬೋ ಕೋವಿಗೆ ಆ ಸಡಿಲ ಬೇಕು. ಇಲ್ಲದಿದ್ರೆ ಎರಡು ಈಡು ಆದ ಮೇಲೆ ಮಸಿ ಕಟ್ಟಿದ ನಳಿಗೆಯಲ್ಲಿ ಗುಂಡು ಇಳಿಯೋದೇ ಇಲ್ಲ. ಉಳಿದ ಸಂದಿಯನ್ನ ಬಟ್ಟೆ, ನಾರು ಮುಚ್ಚುತ್ತೆ. ಅಳತೆ ಅರ್ಧ ಮಿಲಿಮೀಟರ್ ಆಚೀಚೆ ಆದ್ರೂ ಕೆಲಸ ನಡೆಯುತ್ತೆ. ನಮ್ಮ ತಲೆಯಲ್ಲಿ ಕೂತಿದ್ದ "ಮನೇಲಿ ಮಾಡೋ ಗುಂಡು" ಇದು.

ಪಿಸ್ತೂಲಿನ ಗುಂಡು ಇದರ ತಮ್ಮ ಅಲ್ಲ. ಅದು ಬೇರೆ ಜಾತಿ.

ಪಾಠ 2: ಒಂದೂವರೆ ಟನ್ ಭಾರ, ಅರ್ಧ ಮಿಲಿಸೆಕೆಂಡ್

ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗಾಡಿಗಳಿರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಬರಬೇಕು. ಬುಗುರಿ ತಿರುಗೋವರೆಗೆ ನೆಟ್ಟಗೆ ನಿಲ್ಲೋ ಹಾಗೆ, ತಿರುಗೋ ಗುಂಡು ಮೂತಿ ಮುಂದೆ ಮಾಡ್ಕೊಂಡೇ ಹೋಗುತ್ತೆ.

ಸಾಮಾನ್ಯ 9 ಮಿ.ಮೀ. ಪಿಸ್ತೂಲನ್ನ ತಗೊಳ್ಳಿ. ಗಾಡಿಯ ತಳದಿಂದ ತಳಕ್ಕೆ ವ್ಯಾಸ 9.02 ಮಿ.ಮೀ. ಗುಂಡಿನ ತೂಕ 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಸುರುಳಿ 250 ಮಿ.ಮೀ.ಗೆ ಒಂದು ಸುತ್ತು. ಭಾಗಿಸಿ: ಸೆಕೆಂಡಿಗೆ 1,400 ಸುತ್ತು, ನಿಮಿಷಕ್ಕೆ 84,000. ನಮ್ಮ ವರ್ಕ್‌ಶಾಪಿನ ಲೇತ್ ನಿಮಿಷಕ್ಕೆ ಸಾವಿರ ಚಿಲ್ಲರೆ ಸುತ್ತಿದ್ರೇ ನಾವು ಎರಡು ಹೆಜ್ಜೆ ಹಿಂದೆ ಸರೀತೀವಿ.

ಒತ್ತಡದ ಲೆಕ್ಕ ಇನ್ನೂ ಭಯ ಹುಟ್ಟಿಸುತ್ತೆ. ಈ ತೋಟಾಕ್ಕೆ ಯುರೋಪಿನ ಮಾನಕ ಒಪ್ಪುವ ಗರಿಷ್ಠ ಒತ್ತಡ 235 ಮೆಗಾಪಾಸ್ಕಲ್. ಗುಂಡಿನ ತಳದ ವಿಸ್ತೀರ್ಣ 64 ಚದರ ಮಿ.ಮೀ. ಗುಣಿಸಿದ್ರೆ 15,000 ನ್ಯೂಟನ್, ಅಂದ್ರೆ ಒಂದೂವರೆ ಟನ್ ಭಾರ. ಕಿರುಬೆರಳಿನ ತುದಿಯಷ್ಟು ಸೀಸದ ಬೆನ್ನಿಗೆ ಒಂದು ಕಾರು ಏರಿ ಕೂತ ಹಾಗೆ! ನಳಿಗೆ 100 ಮಿ.ಮೀ. ಇದ್ರೆ ಗುಂಡು ಒಳಗಿರೋದು ಸುಮಾರು 0.6 ಮಿಲಿಸೆಕೆಂಡ್. ಅಷ್ಟರಲ್ಲಿ ಅದು ನಳಿಗೆಯನ್ನ ಮುಚ್ಚಬೇಕು, ಗಾಡಿಗೆ ಕಚ್ಚಬೇಕು, ಸೀಳದೆ ಹೊರಡಬೇಕು.

ಹಾಗಾಗಿ ನಾವು ಕಲಿತ ಮೊದಲ ಮುಖ್ಯ ವಿಷಯ ಇದು: ಗುಂಡು ಅಂದ್ರೆ ಬರೀ ಎಸೆಯೋ ಕಲ್ಲಲ್ಲ. ಅದೊಂದು ಸೀಲ್. ಎಂಜಿನ್ನಿನ ಪಿಸ್ಟನ್ ರಿಂಗ್ ಮಾಡೋ ಕೆಲಸವನ್ನೇ ಅದು ಒಂದೇ ಒಂದು ಸಲ ಮಾಡುತ್ತೆ.

ಪಾಠ 3: ಗುಂಡಿನ ಸೀಸ, ಅಕ್ಷರದ ಸೀಸ

ಶುದ್ಧ ಸೀಸ ಉಗುರಿಗೆ ಗೀರು ಬೀಳೋಷ್ಟು ಮೆತ್ತಗೆ. ಬ್ರಿನೆಲ್ ಗಡಸುತನ ಸುಮಾರು 5. ಬ್ರಿನೆಲ್ ಸಂಖ್ಯೆ ಅಂದ್ರೆ ಒಂದು ಚದರ ಮಿ.ಮೀ.ಗೆ ಇಷ್ಟು ಕಿಲೋಗ್ರಾಂ ಭಾರ ಅಂತ ತಾನೆ? ಐದನ್ನ ಬದಲಾಯಿಸಿದ್ರೆ 49 ಮೆಗಾಪಾಸ್ಕಲ್. ಹಿಂದಿನಿಂದ ಅದರ ನಾಲ್ಕೈದು ಪಟ್ಟು ಒತ್ತಡ ಬಂದ್ರೆ ಶುದ್ಧ ಸೀಸ ಗಾಡಿಯ ಹಿಡಿತಕ್ಕೆ ನಿಲ್ಲದೆ ಜಾರಿಬಿಡುತ್ತೆ, ನಳಿಗೆಗೆ ಸೀಸ ಮೆತ್ತಿಕೊಳ್ಳುತ್ತೆ.

ಅದಕ್ಕೇ ಎರಕ ಹೊಯ್ಯುವವರು ಸೀಸಕ್ಕೆ ಆಂಟಿಮನಿ, ತವರ ಬೆರೆಸ್ತಾರೆ. ಆಂಟಿಮನಿ ಗಡಸು ಕೊಡುತ್ತೆ. ತವರ ಕರಗಿದ ಲೋಹದ ಮೇಲ್ಮೈ ಎಳೆತ ಕಡಿಮೆ ಮಾಡಿ, ಅಚ್ಚಿನ ಮೂಲೆ ಮೂಲೆಗೂ ಹರಿಯೋ ಹಾಗೆ ಮಾಡುತ್ತೆ. 90 ಪಾಲು ಸೀಸಕ್ಕೆ 5 ಪಾಲು ತವರ, 5 ಪಾಲು ಆಂಟಿಮನಿ ಸೇರಿದ ಮಿಶ್ರಲೋಹದ ಗಡಸುತನ 15ರ ಹತ್ತಿರ. ಅದಕ್ಕಿಂತ ಗಡಸು ಬೇಕು ಅಂದಾಗ ಅಮೆರಿಕದ ಹವ್ಯಾಸಿಗಳು ಹುಡುಕಿಕೊಂಡು ಹೋಗೋದು ಹಳೇ ಮುದ್ರಣಾಲಯಗಳ ಗುಜರಿಯನ್ನ. ಲೈನೋಟೈಪ್ ಲೋಹದಲ್ಲಿ 84 ಪಾಲು ಸೀಸ, 12 ಆಂಟಿಮನಿ, 4 ತವರ. ಗಡಸುತನ 22.

ಇಲ್ಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಅಚ್ಚುಮೊಳೆ! ನಮ್ಮ ಅಜ್ಜಂದಿರು ಓದಿದ ಕನ್ನಡ ಪುಸ್ತಕ, ಪತ್ರಿಕೆಗಳೆಲ್ಲ ಒಂದೊಂದು ಅಕ್ಷರದ ಮೊಳೆ ಜೋಡಿಸಿ ಅಚ್ಚಾದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದಾಗ ಮೊದಲು ಕಲ್ಲಚ್ಚು ಇತ್ತು, ಸೀಸದ ಮೊಳೆ ಬಂದದ್ದು ಆಮೇಲೆ. ಆ ಮೊಳೆಗಳ ಲೋಹವೂ ಇದೇ ಮನೆತನದ್ದು: ಸೀಸ, ಆಂಟಿಮನಿ, ತವರ.

ಇದು ಕಾಕತಾಳೀಯ ಅಲ್ಲ. ಮೊಳೆ ಎರಕ ಹೊಯ್ಯೋರಿಗೆ ಏನು ಬೇಕೋ ಗುಂಡು ಹೊಯ್ಯೋರಿಗೂ ಅದೇ ಬೇಕು. ಕಡಿಮೆ ಶಾಖಕ್ಕೆ ಕರಗಬೇಕು. ಶುದ್ಧ ಸೀಸಕ್ಕೆ 327 ಡಿಗ್ರಿ ಬೇಕು, 11 ಪಾಲು ಆಂಟಿಮನಿ ಸೇರಿದ್ರೆ 252 ಡಿಗ್ರಿ ಸಾಕು. ನಮ್ಮ ಮೆಟಲರ್ಜಿ ಪೇಪರಿನ ಯುಟೆಕ್ಟಿಕ್ ಬಿಂದು ಅಂದ್ರೆ ಇದೇ. ಒತ್ತಕ್ಷರದ ತುದಿವರೆಗೂ ಲೋಹ ತುಂಬಬೇಕು. ತಣಿಯುವಾಗ ಕುಗ್ಗಬಾರದು. ಆಂಟಿಮನಿ ಗಟ್ಟಿಯಾಗುವಾಗ ಹಿಗ್ಗೋ ಗುಣದ್ದು, ಹಾಗಾಗಿ ಸೀಸದ ಕುಗ್ಗುವಿಕೆಯನ್ನ ಸ್ವಲ್ಪ ಸರಿದೂಗಿಸುತ್ತೆ. ಒಂದೇ ಮಡಕೆಯ ಲೋಹದಿಂದ ಅಕ್ಷರವೂ ಆಗುತ್ತೆ, ಗುಂಡೂ ಆಗುತ್ತೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಈ ಲೇಖನ ಯಾಕೆ ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟೇ.

ಹಾಗಾದ್ರೆ ಗಡಸು ಹೆಚ್ಚಾದಷ್ಟೂ ಒಳ್ಳೇದಾ? ನಾವೂ ಹಾಗೇ ಅಂದ್ಕೊಂಡಿದ್ವಿ. ಅಲ್ಲ. ತೀರಾ ಗಡಸಾದ ಗುಂಡು ಚೂರು ಸಣ್ಣದಿದ್ರೆ, ಒತ್ತಡಕ್ಕೆ ಉಬ್ಬಿ ನಳಿಗೆಯನ್ನ ಮುಚ್ಚೋದೇ ಇಲ್ಲ. ಸಂದಿಯಲ್ಲಿ ಬಿಸಿ ಅನಿಲ ನುಗ್ಗಿ, ಗ್ಯಾಸ್ ಕಟರ್ ಹಾಗೆ ಗುಂಡಿನ ಪಕ್ಕವನ್ನ ಕೊರೆಯುತ್ತೆ. ಕೊರೆದ ಸೀಸ ನಳಿಗೆಗೆ ಬಳಿದುಕೊಳ್ಳುತ್ತೆ. ಮೆತ್ತಗಿದ್ರೂ ಅದೇ ರೋಗ, ಗಡಸಾದ್ರೂ ಅದೇ ರೋಗ. ಔಷಧಿ ಅಳತೆಯಲ್ಲಿದೆ: ಎರಕದ ಗುಂಡು ನಳಿಗೆಯ ವ್ಯಾಸಕ್ಕಿಂತ 0.02ರಿಂದ 0.05 ಮಿ.ಮೀ. ದಪ್ಪ ಇರಬೇಕು, ಜೊತೆಗೆ ಮೇಣದಂಥ ಜಾರುಕ ಬೇಕು. ತಲೆಕೂದಲು ಇದಕ್ಕಿಂತ ದಪ್ಪ. ಸಾಲದ್ದಕ್ಕೆ ಮಿಶ್ರಣ ಬದಲಾದ್ರೆ ಕುಗ್ಗೋ ಪ್ರಮಾಣ ಬದಲಾಗುತ್ತೆ, ಅದೇ ಅಚ್ಚಿನಿಂದ ಬೇರೆ ಅಳತೆಯ ಗುಂಡು ಬೀಳುತ್ತೆ. ಗುಜರಿಯಿಂದ ತಂದ ಸೀಸದಲ್ಲಿ ಏನೇನು ಬೆರೆತಿದೆ ಅಂತ ಕಣ್ಣಿಂದ ನೋಡಿ ಹೇಳೋಕೆ ಆಗಲ್ಲ.

ಪಾಠ 4: ಕಣ್ಣಳತೆ ಯಾಕೆ ಇಲ್ಲಿ ನಡೆಯಲ್ಲ?

ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಕೇಪು, ಮದ್ದು, ಗುಂಡು. ಹಿತ್ತಾಳೆ ಅಂದ್ರೆ 70 ಪಾಲು ತಾಮ್ರ, 30 ಪಾಲು ಸತು. ಈಡು ಹೊಡೆದಾಗ ಕೇಸು ಉಬ್ಬಿ ಹಿಂದಿನಿಂದ ಅನಿಲ ಬರದ ಹಾಗೆ ಮುಚ್ಚುತ್ತೆ, ಆಮೇಲೆ ಸ್ವಲ್ಪ ಕುಗ್ಗಿ ಸಡಿಲವಾಗುತ್ತೆ. ಅದನ್ನೇ ಮತ್ತೆ ಅಳತೆಗೆ ಒತ್ತಿ, ಹೊಸ ಕೇಪು, ಮದ್ದು, ಗುಂಡು ಕೂರಿಸೋದಕ್ಕೆ ಕೈತುಂಬು ಅಥವಾ ಹ್ಯಾಂಡ್‌ಲೋಡಿಂಗ್ ಅಂತಾರೆ. ಪ್ರತಿ ಸಲ ಒತ್ತಿದಾಗಲೂ ಹಿತ್ತಾಳೆ ಗಡಸಾಗಿ ಬಿರುಸಾಗುತ್ತೆ, ಒಂದು ದಿನ ಸೀಳುತ್ತೆ. ವರ್ಕ್ ಹಾರ್ಡನಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಮುತ್ತಜ್ಜ ಕರೀಮದ್ದನ್ನ ಬೆರಳಿನ ಲೆಕ್ಕದಲ್ಲಿ ತುಂಬ್ತಿದ್ರಂತೆ. ಪಿಸ್ತೂಲಿನ ತೋಟಾಕ್ಕೆ ಹಾಕೋದು ಹೊಗೆಯಿಲ್ಲದ ಮದ್ದು. ಎರಡರ ಸ್ವಭಾವವೇ ಬೇರೆ. ಹೊಗೆಯಿಲ್ಲದ ಮದ್ದು ಉರಿಯೋ ವೇಗ ಒತ್ತಡದ ಜೊತೆ ಜೋರಾಗಿ ಏರುತ್ತೆ: ಒತ್ತಡ ಏರಿದ್ರೆ ಬೇಗ ಉರಿಯುತ್ತೆ, ಬೇಗ ಉರಿದ್ರೆ ಒತ್ತಡ ಇನ್ನೂ ಏರುತ್ತೆ. ಕಂಟ್ರೋಲ್ ಸಿಸ್ಟಮ್ ಓದಿದವರಿಗೆ ಗೊತ್ತು, ಇದು ಪಾಸಿಟಿವ್ ಫೀಡ್‌ಬ್ಯಾಕ್. ಜೊತೆಗೆ ಪಿಸ್ತೂಲಿನ ಕೇಸು ಪುಟ್ಟದು. ಗುಂಡು ಒಂದು ಮಿಲಿಮೀಟರ್ ಒಳಗೆ ಸರಿದ್ರೂ ಮದ್ದಿಗೆ ಸಿಗೋ ಜಾಗ ಗಣನೀಯವಾಗಿ ಕಡಿಮೆಯಾಗಿ ಒತ್ತಡ ಹಾರುತ್ತೆ.

ಅನುಭವಸ್ಥ ಹವ್ಯಾಸಿಗಳೂ ಹೆದರೋ ತಪ್ಪುಗಳು ಎರಡು. ಒಂದು, ಮೈಮರೆತು ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳೋದು. ಕೆಲವು ಮದ್ದಿನ ಅಳತೆ ಎಷ್ಟು ಚಿಕ್ಕದು ಅಂದ್ರೆ, ಎರಡು ಪಟ್ಟು ಬಿದ್ರೂ ಕೇಸು ತುಂಬಿ ಚೆಲ್ಲಲ್ಲ. ಎರಡು, ಮದ್ದೇ ಬೀಳದಿರೋದು. ಆಗ ಕೇಪಿನ ಬಲಕ್ಕೆ ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ. ಗಮನಿಸದೆ ಇನ್ನೊಂದು ಈಡು ಹೊಡೆದ್ರೆ ನಳಿಗೆ ಉಬ್ಬುತ್ತೆ ಅಥವಾ ಒಡೆಯುತ್ತೆ. ಕಡಿಮೆ ಆದ್ರೂ ಅಪಾಯ, ಹೆಚ್ಚಾದ್ರೂ ಅಪಾಯ. ಇನ್ನು ಕರೀಮದ್ದಿನ ಹಳೇ ಕೋವಿಗೆ ಹೊಗೆಯಿಲ್ಲದ ಮದ್ದು ತುಂಬಿದ್ರೆ, ಕೈ ಮುಖ ಉಳಿಯೋದು ಅದೃಷ್ಟ.

ಜುಗಾಡ್ ನಮ್ಮ ಹೆಮ್ಮೆ, ಒಪ್ಪಿಕೊಳ್ತೀನಿ. ಕೆಟ್ಟ ಪಂಪ್‌ಸೆಟ್ಟಿಗೆ ಸೈಕಲ್ ಟ್ಯೂಬ್ ಕಟ್ಟಿ ನೀರು ಹಾಯಿಸ್ತೀವಿ. ಅದು ಸೋತ್ರೆ ನೀರು ಸೋರುತ್ತೆ, ಅಷ್ಟೆ. ಇಲ್ಲಿ ಸೋತ್ರೆ ಸೋರೋದು ರಕ್ತ. ಯಾವ ವ್ಯವಸ್ಥೆ ಹೇಗೆ ಸೋಲುತ್ತೆ ಅಂತ ಮೊದಲು ಕೇಳ್ಕೊಂಡು, ಆಮೇಲೆ ಜುಗಾಡ್ ಮಾಡಬೇಕೋ ಬೇಡವೋ ಅಂತ ತೀರ್ಮಾನಿಸೋದೇ ಎಂಜಿನಿಯರಿಂಗ್.

ಕಾನೂನೂ ಸ್ಪಷ್ಟ. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅನ್ನೋ ಪದಕ್ಕೆ ತೋಟಾ ಮಾತ್ರ ಅಲ್ಲ, ಅದರ ಭಾಗಗಳು, ಅದನ್ನ ತಯಾರಿಸೋ ಯಂತ್ರಗಳೂ ಸೇರುತ್ತವೆ. ಲೈಸೆನ್ಸ್ ಇಲ್ಲದೆ ತಯಾರಿಸಿದ್ರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಲೈಸೆನ್ಸು ಕೋವಿ ಇಟ್ಕೊಳ್ಳೋಕೆ ಮಾತ್ರ, ತೋಟಾ ತಯಾರಿಸೋಕೆ ಅಲ್ಲ. ಅಮೆರಿಕದ ವಿಡಿಯೋ ನೋಡಿ ಹಾಸ್ಟೆಲ್ಲಿನಲ್ಲಿ ಕೈ ಹಾಕಿದ್ರೆ ಡಿಗ್ರಿ ಮುಗಿಯೋ ಮೊದಲೇ ಎಲ್ಲ ಮುಗಿಯುತ್ತೆ.

ಗುರಿ ಹೊಡೆಯೋ ಆಸೆ ಇದ್ರೆ ನೇರ ದಾರಿ ಇದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಬೆಳ್ಳಿ ಗೆದ್ದರು. ಕಾರ್ಖಾನೆಯಲ್ಲಿ ತಯಾರಾಗೋ .22 ತೋಟಾದ ಗುಂಡೂ ಸೀಸದ್ದೇ. ಏರ್ ಪಿಸ್ತೂಲಿನ 4.5 ಮಿ.ಮೀ. ಪೆಲೆಟ್ಟೂ ಸೀಸದ್ದೇ. ರೈಫಲ್ ಕ್ಲಬ್ಬಿಗೆ ಸೇರಿ, ತರಬೇತಿ ತಗೊಳ್ಳಿ.

ಪಾಠ 5: ಈಡು ಮುಗಿದ ಮೇಲೂ ಸೀಸ ಮುಗಿಯಲ್ಲ

ಅಜ್ಜನ ಕೈ ಮೇಲಿನ ಚುಕ್ಕೆಗಳ ಕಥೆ ಈಗ ಹೇಳ್ತೀನಿ. ಆಗ ಅಜ್ಜನಿಗೆ ಹತ್ತು ಹನ್ನೊಂದು ವರ್ಷ. ಮಳೆಗಾಲ. ಒಲೆ ಮೇಲೆ ಸೀಸ ಕರಗಿತ್ತು. ಅಚ್ಚು ರಾತ್ರಿಯೆಲ್ಲ ಜಗಲಿಯಲ್ಲಿದ್ದು ಒಳಗೆ ತೇವ ಹಿಡಿದಿತ್ತು. ಸೀಸ ಹೊಯ್ದದ್ದೇ ತಡ, ಪಟ್ ಅಂತ ಸಿಡೀತು. ನೀರು ಆವಿಯಾದ್ರೆ ಗಾತ್ರ ಸುಮಾರು 1,600 ಪಟ್ಟು ಆಗುತ್ತೆ. ಮುಚ್ಚಿದ ಗುಳಿಯಲ್ಲಿ ಒಂದು ಹನಿ ಸಾಕು. "ನಾಲ್ಕು ಬೆರಳು ಮೇಲೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು" ಅಂತ ಅಜ್ಜ ಮೊದಲ ಸಲ ಹೇಳಿದ್ರು. ಅವತ್ತಿನಿಂದ ಮುತ್ತಜ್ಜ ಮಕ್ಕಳನ್ನ ಆ ಒಲೆ ಹತ್ರ ಸೇರಿಸಲಿಲ್ಲವಂತೆ.

ಕಾಣೋ ಗಾಯಕ್ಕಿಂತ ಕಾಣದ್ದು ದೊಡ್ಡದು. ಕರಗಿದ ಸೀಸದ ಮೇಲೆ ಕಟ್ಟೋ ಬೂದಿಪುಡಿ ಕೈಗೆ, ಬಟ್ಟೆಗೆ ಅಂಟಿ ಅನ್ನದ ಜೊತೆ ಹೊಟ್ಟೆಗೆ ಹೋಗುತ್ತೆ. ದೇಹ ಸೀಸವನ್ನ ಕ್ಯಾಲ್ಸಿಯಂ ಅಂತ ತಪ್ಪು ತಿಳಿದು ಮೂಳೆಯಲ್ಲಿ ಕೂಡಿಡುತ್ತೆ. ಮಕ್ಕಳ ಮಿದುಳಿಗೆ ಅದು ಮಾಡೋ ಹಾನಿ ಮತ್ತೆ ಸರಿಹೋಗಲ್ಲ. ಇಷ್ಟರವರೆಗೆ ಸುರಕ್ಷಿತ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಗಾಗಿಯೇ ರಾಷ್ಟ್ರೀಯ ಕೇಂದ್ರವೊಂದನ್ನ ಕಟ್ಟಿ ದಶಕಗಳ ಕಾಲ ಇದನ್ನೇ ಸಾರಿದ್ರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯ್ತು. ಒಲೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ.

ಸೊರಬದವನಾಗಿ ಇನ್ನೊಂದು ಮಾತು ಸೇರಿಸಲೇಬೇಕು. ನಮ್ಮ ಗುಡವಿ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಬಂದು ನೋಡಿ. ಕೆರೆಯ ಮರಗಳ ತುಂಬ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ. ಕಾಳು ತಿನ್ನೋ ಬಾತು ಜಾತಿಯ ಹಕ್ಕಿಗಳು ತಿಂದದ್ದನ್ನ ಅರೆಯೋಕೆ ಸಣ್ಣ ಕಲ್ಲು ನುಂಗುತ್ತವೆ. ಕೆಸರಲ್ಲಿ ಬಿದ್ದ ಸೀಸದ ಚರೆ ಅವಕ್ಕೆ ಕಲ್ಲಿನ ಹಾಗೇ ಕಾಣುತ್ತೆ. ಒಳಗೆ ಅರೆದು ರಕ್ತಕ್ಕೆ ಸೇರಿ ಸಾಯಿಸುತ್ತೆ. ಇದೇ ಕಾರಣಕ್ಕೆ ಅಮೆರಿಕ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನ 1991ರಲ್ಲಿ ನಿಷೇಧಿಸಿತು. ಯುರೋಪ್ ಒಕ್ಕೂಟ ಜೌಗು ಪ್ರದೇಶಗಳಲ್ಲಿ 2023ರಿಂದ ನಿಷೇಧಿಸಿದೆ. ಈಡು ಗುರಿ ತಪ್ಪಿದ್ರೂ ಸೀಸ ತನ್ನ ಕೆಲಸ ಬಿಡಲ್ಲ.

ಹಂದಿ ಜೋಳಕ್ಕೆ ನುಗ್ಗಿದ ರಾತ್ರಿ ರೈತನಿಗೆ ಈ ಪಾಠವೆಲ್ಲ ಹೇಳಿದ್ರೆ ಸಿಟ್ಟು ಬರುತ್ತೆ, ಗೊತ್ತು. ನಮ್ಮ ಮನೆ ಹೊಲವೂ ಒಂದು ರಾತ್ರಿಯಲ್ಲಿ ನೆಲಸಮ ಆಗಿದ್ದನ್ನ ನೋಡಿದ್ದೀನಿ. ಆದ್ರೆ ಅದಕ್ಕೆ ಉತ್ತರ ಮನೆಯಲ್ಲಿ ಮಾಡಿದ ತೋಟಾನೂ ಅಲ್ಲ, ಊರ ಹಸುವಿನ ಬಾಯಿ ಒಡೆಯೋ ಸಿಡಿಮದ್ದೂ ಅಲ್ಲ. ಸೋಲಾರ್ ಬೇಲಿ, ಸೆನ್ಸರ್ ಇಟ್ಟ ದೀಪ, ಸದ್ದು ಮಾಡೋ ಯಂತ್ರ, ಇವನ್ನ ಕಡಿಮೆ ಬೆಲೆಗೆ, ಮಲೆನಾಡಿನ ಮಳೆಗೆ ತಡೆಯೋ ಹಾಗೆ ಮಾಡೋದು ನಮ್ಮ ಕೈಯಲ್ಲೇ ಇದೆಯಲ್ಲ? ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿರೋರು ಯೋಚನೆ ಮಾಡಿ. ನಮ್ಮ ತಂಡ ಇದನ್ನೇ ತಗೊಂಡಿದೆ.

ಲೆಕ್ಕದ ಹಾಳೆಗಳನ್ನ ಇನ್‌ಸ್ಟ್ರಕ್ಟರ್‌ಗೆ ತೋರಿಸಿದಾಗ ಅವರು ಎಲ್ಲ ನೋಡಿ, "ಒಲೆ ಹಚ್ಚೋಣವಾ?" ಅಂತ ಕೇಳಿದ್ರು. ಬೇಡ ಸಾರ್ ಅಂದ್ವಿ. "ಹಾಗಾದ್ರೆ ಪಾಸ್" ಅಂದ್ರು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜನಿಗೆ ಇದನ್ನೆಲ್ಲ ಓದಿ ಹೇಳಿದೆ. ಗುಂಡಿನ ಸೀಸವೂ ಅಕ್ಷರದ ಸೀಸವೂ ಒಂದೇ ಅಂದಾಗ ಮಾತ್ರ ಅವರು ತಲೆ ಎತ್ತಿದ್ರು. ಸ್ವಲ್ಪ ಹೊತ್ತು ಆ ಅಚ್ಚನ್ನ ಕೈಯಲ್ಲಿ ತಿರುಗಿಸ್ತಾ ಕೂತು, "ನಮ್ಮಪ್ಪಂಗೆ ಓದೋಕೆ ಬರ್ತಿರಲಿಲ್ಲ. ಅದಕ್ಕೇ ಅವನಿಗೆ ಈ ಅಚ್ಚು ಸಿಕ್ತು. ನಿನಗೆ ಆ ಅಚ್ಚು ಸಿಕ್ಕಿದೆ" ಅಂದ್ರು. ಮಾರನೇ ದಿನ ಕಮ್ಮಾರನ ಹತ್ರ ಕರ್ಕೊಂಡು ಹೋಗಿ, ಅದನ್ನ ಕಾಯಿಸಿ ಬಡಿಸಿ, ಗುಳಿ ಎರಡೂ ಮುಚ್ಚಿಸಿದ್ರು. ಈಗ ಅದು ನಮ್ಮನೇಲಿ ಬರೀ ಇಕ್ಕಳ. ಒಲೆಯಿಂದ ಬಿಸಿ ಪಾತ್ರೆ ಇಳಿಸೋಕೆ ಚೆನ್ನಾಗಿದೆ.